ಬಿಸಿಲಿಗಿಟ್ಟ ಅರಿಶಿನ

ಬಾಗಿಲು ದಾಟಿ ಒಳಗೆ ಕಾಲಿಟ್ಟ ಕೂಡಲೇ ನನ್ನ ಮಗಳ ನೀಲಿ ಸ್ವೆಟರ್ ಕಪ್ಪಾಗಿಹೋಯಿತು. ಹೊರಡುವ ಮುನ್ನ ಚನ್ನಗಿರಿಯಲ್ಲಿ ಕೊಂಡ ಸ್ವೆಟರ್ ಅದು, ಅಚ್ಚ ನೀಲಿ. ಬಾಗಿಲಾಚೆ ನಿಂತರೆ ನೀಲಿ, ಈಚೆ ಬಂದರೆ ಇದ್ದಿಲು. ನಮ್ಮ ಮೂವರ ಮುಖವೂ ಮದುವೆಗೆ ಅರಿಶಿನ ಹಚ್ಚಿಸಿಕೊಂಡವರ ಮುಖದಂತೆ ಕಾಣುತ್ತಿತ್ತು. ಮಗಳು ಮತ್ತೆ ಮತ್ತೆ ಹೊರಗೆ ಹೋಗಿ ಒಳಗೆ ಬಂದು ಪರೀಕ್ಷೆ ಮಾಡಿದಳು. ಕೊನೆಗೆ ನನ್ನ ಕೈ ಹಿಡಿದು ಪಿಸುಗುಟ್ಟಿದಳು. “ಅಪ್ಪಾ, ನನ್ ಸ್ವೆಟರಿನ ಬಣ್ಣ ಯಾರು ತಗಂಡ್ರು?”

ಅದು ನನ್ನ ಹೆಂಡತಿ ವಿಶಾಲಾ ಕೆಲಸ ಮಾಡುವ ಪ್ರಯೋಗಾಲಯದ ಒಂದು ಕೋಣೆ. ಊರು ಫ್ರಾನ್ಸಿನ ಮುಲೂಜ್, ಜರ್ಮನಿಯ ಗಡಿಗೆ ಹತ್ತಿರ. ನಾವು ಬಂದು ಇನ್ನೂ ವಾರವಾಗಿರಲಿಲ್ಲ. ಆ ಕೋಣೆಯ ದೀಪಗಳಿಗೆ, ಕಿಟಕಿಗಳಿಗೆ ಹಳದಿ ಹಾಳೆ ಅಂಟಿಸಿ, ನೀಲಿ ಬೆಳಕು ಒಳಗೆ ಬಾರದಂತೆ ತಡೆದಿದ್ದರು. ನೀಲಿ ಬೆಳಕೇ ಇಲ್ಲದಲ್ಲಿ ನೀಲಿ ಬಟ್ಟೆ ಕಪ್ಪಾಗಿಯೇ ಕಾಣಬೇಕು. “ಇಲ್ಲಿ ಆ ಬೆಳಕು ಬಿತ್ತು ಅಂದ್ರೆ ನಮ್ ಸಾಮಾನೆಲ್ಲ ಕಲ್ಲಾಗಿ ಕೂರ್ತಾವೆ” ಎಂದು ವಿಶಾಲಾ ಮಗಳಿಗೆ ಬಿಡಿಸಿ ಹೇಳಿದಳು. ನಾನೂ ಅಲ್ಲೇ ನಿಂತಿದ್ದೆ. ಈ ಕಿವಿಯಲ್ಲಿ ಕೇಳಿ ಆ ಕಿವಿಯಲ್ಲಿ ಬಿಟ್ಟೆ.

ನಾನು ಯಾರೆಂದು ಹೇಳಿಬಿಡುತ್ತೇನೆ. ಹೆಸರು ಕೊಟ್ರೇಶ. ಚನ್ನಗಿರಿ ಬಸ್ ನಿಲ್ದಾಣದ ಹಿಂದಿನ ರಸ್ತೆಯಲ್ಲಿ ಸ್ಕ್ರೀನ್ ಪ್ರಿಂಟಿಂಗ್ ಅಂಗಡಿ ಇಟ್ಟಿದ್ದವನು. ಆ ಕಡೆಯ ಎಷ್ಟೋ ಮನೆಗಳ ಲಗ್ನಪತ್ರಿಕೆ, ಗೃಹಪ್ರವೇಶದ ಬಟ್ಟೆ ಚೀಲ, ಅಡಿಕೆ ಮೂಟೆಯ ಮೇಲಿನ ಮಂಡಿಯ ಹೆಸರು ನನ್ನ ಕೈಯಲ್ಲೇ ಅಚ್ಚಾಗಿವೆ. ಹೊನ್ನಾಳಿ, ನ್ಯಾಮತಿಯಿಂದಲೂ ಗಿರಾಕಿಗಳು ಬರುತ್ತಿದ್ದರು. ವಿಶಾಲಾ ಜಗಳೂರಿನವಳು, ದಾವಣಗೆರೆಯಲ್ಲಿ ರಸಾಯನಶಾಸ್ತ್ರ ಓದಿ, ಪಿಎಚ್‌ಡಿ ಮಾಡಿ, ಕಾಲೇಜಿನಲ್ಲಿ ಪಾಠ ಹೇಳುತ್ತಿದ್ದಳು. ಅವಳಿಗೆ ಇಲ್ಲಿ ಎರಡು ವರ್ಷದ ಸಂಶೋಧನೆಯ ಕೆಲಸ ಸಿಕ್ಕಾಗ ನಾನು ಅಂಗಡಿಯನ್ನು ತಮ್ಮನಿಗೆ ಒಪ್ಪಿಸಿ ಅವಳ ಹಿಂದೆ ಹೊರಟೆ. ಬೀಳ್ಕೊಡಲು ಬಂದ ಸವಳಂಗದ ಭಾವ ಎಲ್ಲರೆದುರಿಗೇ, “ಹೆಣ್ಮಕ್ಳು ಗಂಡನ ಮನೆಗೆ ಹೋಗಾದು ನೋಡೀವಿ. ಗಂಡ್ಸು ಹೆಂಡ್ತಿ ಹಿಂದೆ ಗಂಟು ಹೊತ್ಕಂಡು ಹೋಗಾದು ಇದೇ ಮೊದ್ಲು ನೋಡ್ರಿ” ಅಂದ. “ಹಂಗಾದ್ರೆ ಉಡಿ ತುಂಬಿ ಕಳಿಸ್ರಿ ಭಾವ” ಅಂದೆ ನಾನು. ಎಲ್ಲರೂ ನಕ್ಕರು. ಆ ನಗುವಿನಲ್ಲಿದ್ದ ಒಂದು ಸಣ್ಣ ಮುಳ್ಳು ವಿಮಾನ ಹತ್ತಿ ನನ್ನ ಜೊತೆಗೇ ಬಂತು.

ವಿಶಾಲಾಳ ಕೆಲಸವನ್ನು ನನಗೆ ತಿಳಿದಷ್ಟು ಹೇಳುತ್ತೇನೆ. ಸರಿಯಿದ್ದರೆ ಅವಳದು, ತಪ್ಪಿದ್ದರೆ ನನ್ನದು. ಪ್ಲಾಸ್ಟಿಕ್ಕು, ಬಾಗಿಲಿಗೆ ಬಳಿಯುವ ವಾರ್ನಿಷ್ಷು, ಹಲ್ಲಿನ ಡಾಕ್ಟರು ಹುಳುಕಿಗೆ ತುಂಬಿ ನೀಲಿ ದೀಪ ಹಿಡಿಯುತ್ತಾರಲ್ಲ ಆ ಸಿಮೆಂಟು, ಇವೆಲ್ಲ ಪಾಲಿಮರ್ ಎಂಬ ಒಂದೇ ಮನೆತನದವು. ಮೊದಲು ಜೇನಿನಂಥ ರಸ ಇರುತ್ತದೆ. ಅದರೊಳಗಿನ ಕಣಗಳು ಒಂದರ ಕೈ ಒಂದು ಹಿಡಿದು ಉದ್ದನೆಯ ಸರವಾದಾಗ ರಸ ಗಟ್ಟಿಯಾಗುತ್ತದೆ. ಆದರೆ ಯಾರಾದರೂ ಶುರು ಮಾಡಬೇಕು. ನಮ್ಮ ಮದುವೆ ಊಟದ ಪಂಕ್ತಿ ನೆನಪು ಮಾಡಿಕೊಳ್ಳಿ. ಎಲೆ ತುಂಬ ಬಡಿಸಿದ್ದರೂ ಎಲ್ಲರೂ ಕೈ ಕಟ್ಟಿ ಕೂತಿರುತ್ತಾರೆ. ಹಿರಿಯರೊಬ್ಬರು ಮೊದಲ ತುತ್ತು ಎತ್ತಿದರೆ ಸಾಲಿಗೆ ಸಾಲೇ ಕೈ ಹಾಕುತ್ತದೆ. ಆ ಹಿರಿಯನಿಗೆ ಇವರು ಇನಿಷಿಯೇಟರ್ ಅನ್ನುತ್ತಾರೆ. ಕಾರ್ಖಾನೆಗಳಲ್ಲಿ ಬಳಸುವ ಇನಿಷಿಯೇಟರುಗಳು ಹೆಚ್ಚಿನವು ಪೆಟ್ರೋಲಿಯಂನಿಂದ ಹುಟ್ಟಿದವು, ಎಬ್ಬಿಸಲು ಕಣ್ಣಿಗೂ ಚರ್ಮಕ್ಕೂ ಆಗದ ಅತಿನೇರಳೆ ಬೆಳಕು ಬೇಕು. ಅದೇ ಕೆಲಸವನ್ನು ಗಿಡದ ಬಣ್ಣಗಳಿಂದ, ಸಾಧು ಬೆಳಕಿನಲ್ಲಿ ಮಾಡಿಸಲು ನೋಡುವುದು ವಿಶಾಲಾಳ ಗುಂಪಿನ ಉದ್ಯೋಗ. ಗೋರಂಟಿಯ ಬಣ್ಣ, ಮಂಜಿಷ್ಠದ ಬೇರಿನ ಬಣ್ಣ, ಎಲ್ಲಕ್ಕಿಂತ ಹೆಚ್ಚಾಗಿ ಅರಿಶಿನದ ಬಣ್ಣ.

ಅರಿಶಿನ ನಮಗೆ ಹಳದಿಯಾಗಿ ಕಾಣುವುದು ಅದು ನೀಲಿ ಬೆಳಕನ್ನು ನುಂಗಿಕೊಳ್ಳುವುದರಿಂದ. ನುಂಗಿದ್ದನ್ನು ತಾನೇ ಇಟ್ಟುಕೊಳ್ಳುವುದಿಲ್ಲ. ಜೊತೆಗೆ ಬೆರೆಸಿದ ಒಂದು ಲವಣದ ಕೈಗೆ ದಾಟಿಸಿ ಪಂಕ್ತಿ ಶುರು ಮಾಡಿಸುತ್ತದೆ. ಸಣ್ಣ ಎಲ್‌ಇಡಿ ದೀಪವಾದರೂ ಸಾಕು, ಬಿಸಿಲಾದರೂ ಸಾಕು. ಇನ್ನೂ ಒಂದು ಚೆಂದ ಇದೆ. ಕೆಲಸ ಮಾಡುತ್ತ ಮಾಡುತ್ತ ಅರಿಶಿನ ತನ್ನ ಬಣ್ಣ ಕಳೆದುಕೊಳ್ಳುತ್ತದೆ. ಅಂಗಿಯ ಮೇಲಿನ ಸಾರಿನ ಕಲೆ ಬಿಸಿಲಿಗೆ ಹಾಕಿದರೆ ಮಾಯವಾಗುವುದೂ ಇದೇ ಗುಣದಿಂದ ಎಂದು ವಿಶಾಲಾ ಹೇಳಿದಾಗ, ಫ್ರಾನ್ಸಿಗೆ ಬಂದು ಇವರು ಓದುತ್ತಿರುವುದು ನಮ್ಮ ಬಚ್ಚಲಮನೆಯ ಸಂಗತಿಯನ್ನೇ ಅನ್ನಿಸಿ ನನಗೆ ಸ್ವಲ್ಪ ಧೈರ್ಯ ಬಂತು.

ಧೈರ್ಯ ಬೇಕಾಗಿತ್ತು. ನಮಗೆ ಸಿಕ್ಕಿದ್ದು ಮೂರನೇ ಮಹಡಿಯ ಎರಡು ಕೋಣೆಯ ಮನೆ. ಮನೆಯೊಡತಿ ಮದಾಂ ಒದೀಲ್ ಕೆಳಗೆ ಇರುತ್ತಾಳೆ. ಮದಾಂ ಅಂದರೆ ನಮ್ಮ ‘ಅಮ್ಮಾವ್ರೇ’ ಇದ್ದ ಹಾಗೆ. ಕೀಲಿ ಕೊಡುವ ದಿನ ಅವಳು ಅರ್ಧ ಗಂಟೆ ವಿವರಿಸಿದ್ದು ‘ವೊಲೆ’ಗಳನ್ನು ಕುರಿತು. ವೊಲೆ ಅಂದರೆ ಕಿಟಕಿಯ ಹೊರಗೆ ಮೇಲಿಂದ ಇಳಿಸುವ ಪಟ್ಟಿಗಳ ಮುಚ್ಚಳ, ನಮ್ಮ ಅಂಗಡಿಗಳ ಶಟರ್ ಇದ್ದ ಹಾಗೆ. ಸಂಜೆಯಾದರೆ ಊರಿಗೆ ಊರೇ ಕಿಟಕಿಗಳಿಗೆ ಶಟರ್ ಎಳೆದುಕೊಂಡು ಒಳಗೆ ಕೂರುತ್ತದೆ. ಬೀದಿಯಲ್ಲಿ ನಿಂತರೆ ಯಾರ ಮನೆಯಲ್ಲಿ ಏನು ಅಡುಗೆ, ಯಾರ ಮನೆಯಲ್ಲಿ ಯಾವ ಧಾರಾವಾಹಿ, ಒಂದೂ ಗೊತ್ತಾಗದು. ನಮ್ಮಲ್ಲಿ ಬಾಗಿಲು ಹಾಕಿದ್ದರೆ ‘ಏನಾತು, ಹುಷಾರಿಲ್ವಾ’ ಅಂತ ಕೇಳುತ್ತಾರೆ. ಇಲ್ಲಿ ಬಾಗಿಲು ತೆರೆದಿಟ್ಟರೆ ಕೇಳುತ್ತಾರೆ.

ಊಟದ ವಿಷಯಕ್ಕೆ ಅಷ್ಟು ತೊಂದರೆಯಾಗಲಿಲ್ಲ. ಬಗೆತ್ ಎಂಬ ಮೊಳದುದ್ದದ ಬ್ರೆಡ್ಡು ನಿನ್ನೆಯದಾದರೆ ನಮ್ಮ ಖಡಕ್ ರೊಟ್ಟಿಗೆ ನೆಂಟ. ಶೇಂಗಾ ಚಟ್ನಿ ಹಚ್ಚಿ ತಿಂದೆವು. ಮಂಡಕ್ಕಿ ಮಾತ್ರ ಬಹಳ ಕಾಡಿತು. ಒಂದು ದಿನ ಅಂಗಡಿಯ ಬೆಳಗಿನ ತಿಂಡಿಯ ಸಾಲಿನಲ್ಲಿ ಉಬ್ಬಿದ ಅಕ್ಕಿಯ ಪೊಟ್ಟಣ ಕಂಡು ಕುಣಿದಾಡಿ ತಂದು, ಈರುಳ್ಳಿ ಹೆಚ್ಚಿ, ಒಗ್ಗರಣೆ ಕೊಟ್ಟು, ಬಾಯಿಗೆ ಹಾಕಿದರೆ ಪಾಯಸದ ರುಚಿ. ಸಕ್ಕರೆ ಸವರಿದ ಮಂಡಕ್ಕಿ. ಸಕ್ಕರೆ ಹಾಕದ್ದು ಎಂದು ಫ್ರೆಂಚಿನಲ್ಲಿ ಓದಲು ಕಲಿತ ದಿನ ನಮ್ಮ ಮನೆಯಲ್ಲಿ ಹಬ್ಬ. ಪಾಲಿಕೆಯವರು ನಡೆಸುವ ಭಾಷೆಯ ತರಗತಿಗೂ ಸೇರಿದೆ. ಹಗಲಿಡೀ ಕೂತು ಸೊಪ್ಪು ಬಿಡಿಸುತ್ತ ಕ್ರಿಯಾಪದ ಬಾಯಿಪಾಠ ಮಾಡುತ್ತಿದ್ದೆ. ಸವಳಂಗದ ಭಾವ ನೋಡಿದ್ದರೆ ಅವನಿಗೆ ವರ್ಷಕ್ಕಾಗುವಷ್ಟು ಮಾತು ಸಿಗುತ್ತಿತ್ತು.

ಈ ಊರು ಹಿಂದೆ ಬಟ್ಟೆಗೆ ಅಚ್ಚು ಹಾಕಿಯೇ ದೊಡ್ಡದಾದದ್ದಂತೆ. ಅದಕ್ಕೇ ಒಂದು ವಸ್ತುಸಂಗ್ರಹಾಲಯ ಇದೆ. ಅಲ್ಲಿ ಗಾಜಿನೊಳಗೆ ಹಾಸಿದ ಹಳೆಯ ಬಟ್ಟೆಗಳ ಮೇಲೆ ಹೂಬಳ್ಳಿ, ಮಾವಿನಕಾಯಿ ಚಿತ್ತಾರ, ಮಂಜಿಷ್ಠದ ಕೆಂಪು. ಪಕ್ಕದ ಚೀಟಿಯಲ್ಲಿ ‘ಆಂದಿಯೆನ್’ ಎಂದು ಬರೆದಿತ್ತು. ಅಂದರೆ ಇಂಡಿಯಾದ್ದು. ನಮ್ಮ ಕಡೆಯ ಅಚ್ಚಿನ ಬಟ್ಟೆ ನೋಡಿ ಇವರು ತಾವೂ ಹಾಗೇ ಮಾಡಲು ಕಲಿತು, ಬಟ್ಟೆಗೆ ನಮ್ಮ ಹೆಸರನ್ನೇ ಉಳಿಸಿಕೊಂಡಿದ್ದಾರೆ. ಕಾವಲಿನ ಹೆಂಗಸಿಗೆ ನನ್ನ ಹರುಕು ಫ್ರೆಂಚಿನಲ್ಲಿ ನಾನೂ ಅಚ್ಚು ಹಾಕುವವನೇ ಅಂದೆ. ಅವಳು ನನ್ನ ಕೈ ಕುಲುಕಿದಳು. ಆ ಊರಲ್ಲಿ ಯಾರಾದರೂ ನನ್ನನ್ನು ವಿಶಾಲಾಳ ಗಂಡ ಅನ್ನದೆ ನೋಡಿದ್ದು ಅದೇ ಮೊದಲು, ಮನೆಗೆ ಬರುವವರೆಗೂ ಎದೆ ಬೆಚ್ಚಗಿತ್ತು.

ಇಷ್ಟೆಲ್ಲ ನಾವು ದೊಡ್ಡವರು ಹೇಗೋ ಮಾಡಿಕೊಂಡೆವು. ಮಾಡಿಕೊಳ್ಳದವಳು ಅನ್ನಿ.

ಅನ್ನಿ ನಮ್ಮ ಮಗಳು. ನನ್ನ ಅಜ್ಜಿಯ ಹೆಸರಿಟ್ಟು ಅನ್ನಪೂರ್ಣ, ಕರೆಯುವುದು ಅನ್ನಿ. ಆಗ ಅವಳಿಗೆ ಏಳು ತುಂಬಿತ್ತು. ಇಲ್ಲಿಯೂ ಅನ್ನಿ ಎಂಬ ಹೆಸರಿನ ಹೆಣ್ಣುಮಕ್ಕಳಿದ್ದಾರೆ, ಆದ್ದರಿಂದ ಹೆಸರಿಗೆ ಒಂದು ದಿನವೂ ಕಷ್ಟವಾಗಲಿಲ್ಲ. ಹೆಸರು ಇಲ್ಲಿಯದಾಯಿತು, ಹುಡುಗಿ ಆಗಲಿಲ್ಲ. ಶಾಲೆಯಲ್ಲಿ ಅವಳು ಬಾಯಿಯೇ ಬಿಡಲಿಲ್ಲ. ಮನೆಗೆ ಬಂದು ಶೂ ಬಿಚ್ಚುತ್ತಿದ್ದ ಹಾಗೆ ತಡೆದಿಟ್ಟ ಕನ್ನಡವೆಲ್ಲ ಸುರಿಯುತ್ತಿತ್ತು; ಬೆಳಿಗ್ಗೆ ಶಾಲೆಯ ಗೇಟು ಕಂಡರೆ ನಲ್ಲಿ ತಿರುಗಿಸಿದ ಹಾಗೆ ನಿಲ್ಲುತ್ತಿತ್ತು. ಬರೆ ಅಂದರೆ ಬರೆಯುತ್ತಾಳೆ, ಲೆಕ್ಕ ಮಾಡುತ್ತಾಳೆ, ಹೌದು ಇಲ್ಲಕ್ಕೆ ತಲೆ ಆಡಿಸುತ್ತಾಳೆ. ಮಾತಿಲ್ಲ. ಇಲ್ಲಿ ಟೀಚರಿಗೆ ‘ಮೆತ್ರೆಸ್’ ಅನ್ನುತ್ತಾರೆ. ಅವಳ ಮೆತ್ರೆಸ್ ಒಳ್ಳೆಯ ಹೆಂಗಸು. ಅನ್ನಿ ಕೇಳಿಸಿಕೊಳ್ಳುತ್ತಿದ್ದಾಳೆ, ಕಿವಿ ತುಂಬಿದ ಮೇಲೆ ಬಾಯಿ ತೆರೆಯುತ್ತದೆ ಎಂದು ಚಳಿಗಾಲದವರೆಗೂ ಸಮಾಧಾನ ಹೇಳಿದಳು. ಚಳಿಗಾಲ ಮುಗಿಯುವ ಹೊತ್ತಿಗೆ ಅವಳೇ ಬೇರೆ ಶಾಲೆಯ ವಿಶೇಷ ತರಗತಿಯೊಂದರ ಮಾತು ತೆಗೆದಳು.

ಬಸವಾಪಟ್ಟಣದಲ್ಲಿ ತಮ್ಮನ ಸಂಸಾರದ ಜೊತೆಗಿರುವ ನನ್ನ ಅವ್ವ ಪ್ರತಿ ಭಾನುವಾರ ವಿಡಿಯೋದಲ್ಲಿ ಬರುತ್ತಾಳೆ. ಅರ್ಧ ಹಣೆ, ಒಂದು ಕಣ್ಣು, ಹಿಂದೆ ಫ್ಯಾನು. ಸುದ್ದಿ ಕೇಳಿ ಅವಳು, “ಕೂಸು ಎದ್ರುಕಂಡೈತೆ ಕಣೋ. ಎದೆಗೆ ಕಫ ಕಟ್ಟಿದ್ರೂ ಮಾತು ಹೊಳ್ಳಲ್ಲ. ನಾನು ಕೊಟ್ಟ ಅರಿಶಿನದ ಎಣ್ಣೆ ಹಚ್ತಿದೀರೋ ಇಲ್ವೋ?” ಅಂದಳು. ಅರಿಶಿನ ಹಾಕಿ ಕಾಯಿಸಿದ ಕೊಬ್ಬರಿ ಎಣ್ಣೆಯನ್ನು ಸಣ್ಣ ಸಣ್ಣ ಶೀಷೆಗಳಲ್ಲಿ ತುಂಬಿ, ಒಂದು ಹಳೆಯ ಬಿಸ್ಕೆಟ್ ಡಬ್ಬಿಯಲ್ಲಿಟ್ಟು, ಸೋರದಂತೆ ಬಟ್ಟೆ ಸುತ್ತಿ ಕಳಿಸಿದ್ದಳು. ನಮ್ಮ ಮನೆಯಲ್ಲಿ ಹುಟ್ಟಿದ ಮಕ್ಕಳೆಲ್ಲ ಆ ಎಣ್ಣೆ ಹಚ್ಚಿಸಿಕೊಂಡೇ ದೊಡ್ಡವರಾದದ್ದು.

ಫೆಬ್ರವರಿಯ ಒಂದು ಬೆಳಿಗ್ಗೆ ಅನ್ನಿಯನ್ನು ಶಾಲೆಗೆ ಬಿಟ್ಟು ಬಂದಾಗ ವಿಶಾಲಾ ಕೆಲಸಕ್ಕೆ ಹೋಗದೆ ಅಡುಗೆಮನೆಯ ಮೇಜಿನ ಮುಂದೆ ಕೂತಿದ್ದಳು. “ಏಪ್ರಿಲ್ ರಜೆ ತನಕ ನೋಡಾಣ. ಆಗ್ಲೂ ಹಿಂಗೇ ಇದ್ರೆ ನೀವಿಬ್ರೂ ಊರಿಗೆ ಹೋಗ್ಬಿಡ್ರಿ. ನಾನು ಒಬ್ಳೇ ಇದ್ದು ಮುಗ್ಸಿ ಬರ್ತೀನಿ” ಅಂದಳು. ನನಗೆ ಮೊದಲು ಆದದ್ದು ಖುಷಿ, ಸುಳ್ಳು ಯಾಕೆ ಹೇಳಲಿ. ಅಂಗಡಿ, ಮಂಡಕ್ಕಿ, ಬಾಗಿಲು ತೆರೆದ ಮನೆಗಳು ಕಣ್ಣೆದುರು ಬಂದವು. ಆಮೇಲೆ ಅವಳ ಮುಖ ನೋಡಿದೆ. ಜಗಳೂರಿನಲ್ಲಿ ಬಸ್ಸು ತಪ್ಪಿದರೆ ನಡೆದುಕೊಂಡೇ ಕಾಲೇಜು ಮುಟ್ಟಿದ ಹುಡುಗಿ ಅವಳು. ಮಗಳನ್ನು ಬಿಟ್ಟು ಇರುವುದಕ್ಕೆ ಅವಳು ಸಿದ್ಧಳಾಗುತ್ತಿದ್ದಳು. ನಾನು ಎದ್ದು ಅವಳಿಗೆ ಚಹಾ ಮಾಡಿಕೊಟ್ಟೆ.

ಮಾರ್ಚಿನಲ್ಲಿ ಮೆತ್ರೆಸ್ ಒಂದು ಉಪಾಯ ಮಾಡಿದಳು. ತರಗತಿಗೆ ತಂದೆತಾಯಿಗಳನ್ನು ಕರೆಸಿ ಅವರವರ ಕೆಲಸ ತೋರಿಸುವ ಕಾರ್ಯಕ್ರಮ. ವಿಶಾಲಾ ಬರಬೇಕು, ಅನ್ನಿ ಅವಳಿಗೆ ಸಹಾಯಕಿ. ಅರಿಶಿನದ ರಸವನ್ನು ಎಲೆಯಾಕಾರದ ಅಚ್ಚಿಗೆ ಹೊಯ್ಯುವುದು ವಿಶಾಲಾ, ಕೈಗವಸು ಹಾಕಿಕೊಂಡು. ನೀಲಿ ದೀಪ ಹಿಡಿಯುವುದು ಅನ್ನಿ. ಒಂದು, ಎರಡು, ಮೂರು ಎಂದು ಫ್ರೆಂಚಿನಲ್ಲಿ ಎಣಿಸುವುದೂ ಅನ್ನಿಯೇ. ಮೂರೇ ಪದ. ಮೆತ್ರೆಸ್‌ಗೂ ನಮಗೂ ಆಸೆ ಇದ್ದದ್ದು ಆ ಮೂರು ಪದಗಳ ಮೇಲೆ. ಸೋಮವಾರ ಬೆಳಿಗ್ಗೆ ನೇರ ಶಾಲೆಗೇ ಹೋಗಬೇಕಾದ್ದರಿಂದ ವಿಶಾಲಾ ಅನುಮತಿ ಪಡೆದು ಶುಕ್ರವಾರವೇ ರಸದ ಶೀಷೆಗಳನ್ನು ಮನೆಗೆ ತಂದಳು. ಒಂದೊಂದಕ್ಕೂ ಬೆಳ್ಳಿ ಕಾಗದ ಸುತ್ತಿ, ಬೆಳಕು ತೂರದ ಡಬ್ಬಿ ಯಾವುದಿದೆ ಎಂದು ಹುಡುಕಿ, ಖಾಲಿ ಬಿದ್ದಿದ್ದ ಅವ್ವನ ಬಿಸ್ಕೆಟ್ ಡಬ್ಬಿಯಲ್ಲಿ ತುಂಬಿ ಕಪಾಟಿನ ಮೇಲಿಟ್ಟಳು. ಅವ್ವನ ಎಣ್ಣೆ ಮುಗಿದು ವಾರವಾಗಿತ್ತು. ಅದೂ, ಡಬ್ಬಿಯಲ್ಲಿ ಈಗ ಇರುವುದು ರಸ ಎಂಬುದೂ ಅವಳಿಗೆ ಗೊತ್ತಿತ್ತು, ನನಗೆ ಗೊತ್ತಿರಲಿಲ್ಲ.

ಭಾನುವಾರ ಬಿಸಿಲು ಬಂತು.

ಬಿಸಿಲು ಬಂತು ಎಂಬುದನ್ನು ಒಂದು ಸುದ್ದಿಯ ಹಾಗೆ ಬರೆಯುವ ಕಾಲ ನನಗೂ ಬರುತ್ತದೆ ಎಂದು ತಿಳಿದಿರಲಿಲ್ಲ. ತಿಂಗಳುಗಟ್ಟಲೆ ಬೂದಿ ಬಣ್ಣದ ಆಕಾಶ ನೋಡಿ ಸಾಕಾಗಿತ್ತು. ಅವತ್ತು ಬೆಳಿಗ್ಗೆ ವೊಲೆ ಎತ್ತಿದರೆ ಬಾಲ್ಕನಿ ತುಂಬ ನಮ್ಮೂರಿನ ಬೆಳಕು. ಎದುರು ಮನೆಯವರು ಕುರ್ಚಿ ಹಾಕಿಕೊಂಡು, ಕಣ್ಣು ಮುಚ್ಚಿ, ಮುಖ ಮೇಲೆತ್ತಿ ಒಣಗಲು ಕೂತಿದ್ದರು. ಅವರು ತಮ್ಮನ್ನು ತಾವೇ ಬಿಸಿಲಿಗೆ ಹಾಕಿಕೊಳ್ಳುತ್ತಾರೆ, ನಾವು ಮನೆಯ ಸಾಮಾನು ಹಾಕುತ್ತೇವೆ. ಬಿಸಿಲು ಕಂಡರೆ ಸುಮ್ಮನಿರುವ ಜಾತಿಯಲ್ಲ ನಮ್ಮದು. ವಿಶಾಲಾ ಸಂತೆಗೆ ಹೋಗಿದ್ದಳು. ನಾನು ದಿಂಬು ತಂದೆ, ಕಂಬಳಿ ತಂದೆ, ಮುಗ್ಗಲು ವಾಸನೆಯ ಗೋಧಿಹಿಟ್ಟು, ಮೆಣಸಿನಕಾಯಿ, ಬೇಳೆ ಎಲ್ಲ ಹರವಿದೆ. ಚಳಿಗೆ ಹೆಪ್ಪುಗಟ್ಟಿ ಕೂತಿದ್ದ ತಲೆಗೆ ಹಚ್ಚುವ ಕೊಬ್ಬರಿ ಎಣ್ಣೆಯ ಬಾಟಲಿಯನ್ನೂ ತಂದಿಟ್ಟೆ. ಸ್ವಲ್ಪ ಹೊತ್ತಿಗೇ ಅದು ಅಂಚಿನಿಂದ ಕರಗತೊಡಗಿತು.

ಅನ್ನಿಗೆ ಅವತ್ತು ನೆಗಡಿ, ನನಗೂ ನೆಗಡಿ. ಎಣ್ಣೆ ಕರಗುವುದು ನೋಡಿ ಅವ್ವನ ಮಾತು ನೆನಪಾಯಿತು. ಕಪಾಟಿನ ಮೇಲಿನ ಡಬ್ಬಿ ಇಳಿಸಿ ತೆರೆದೆ. ಬೆಳ್ಳಿ ಕಾಗದ ಸುತ್ತಿದ ಸಣ್ಣ ಶೀಷೆಗಳು, ಒಂದರ ಕಾಗದ ಸರಿಸಿದರೆ ಒಳಗೆ ಹಳದಿ ಎಣ್ಣೆ. ಓರೆ ಮಾಡಿದರೆ ಹರಿಯಲೋ ಬೇಡವೋ ಎನ್ನುವಷ್ಟು ಮಂದ. ಪಾಪ, ಚಳಿಗೆ ಗಟ್ಟಿಯಾಗಿದೆ ಅಂದುಕೊಂಡೆ. ಮೇಲೆ ಅಕ್ಷರ, ಅಂಕಿ ಬರೆದ ಚೀಟಿ ಇತ್ತು. ವಿಶಾಲಾ ಎಲ್ಲದಕ್ಕೂ ಚೀಟಿ ಅಂಟಿಸುವವಳೇ. ಮುಚ್ಚಳ ತೆಗೆದು ಮೂಸೋಣವೆಂದರೆ ಮೂಗು ಕಟ್ಟಿತ್ತು. ಬೆಳ್ಳಿ ಕಾಗದ ಸುತ್ತಿದ್ದರೆ ಬಿಸಿಲು ಒಳಗೆ ಹೋಗುವುದಾದರೂ ಹೇಗೆ? ಸ್ಕ್ರೀನಿಗೆ ಮದ್ದು ಸವರಿ, ಕತ್ತಲಲ್ಲಿ ಒಣಗಿಸಿ, ಬಿಸಿಲಿಗೆ ಹಿಡಿದು ಚಿತ್ರ ಗಟ್ಟಿ ಮಾಡುವುದೇ ಕಸುಬಾಗಿದ್ದ ನಾನು, ಬೆಳಕಿನ ವ್ಯವಹಾರ ಬಲ್ಲವನ ಹಾಗೆ, ಒಂದೊಂದೇ ಕಾಗದ ಬಿಚ್ಚಿ ಶೀಷೆಗಳನ್ನು ಕಟ್ಟೆಯ ಮೇಲೆ ಸಾಲಾಗಿ ನಿಲ್ಲಿಸಿದೆ. ಅನ್ನಿ ಪಕ್ಕದಲ್ಲೇ ಕೂತು, ಇಲ್ಲದ ಕಾಗೆಗಳನ್ನು ಕೋಲಿನಿಂದ ಓಡಿಸುತ್ತಿದ್ದಳು. ಅಜ್ಜಿಯ ಮಾಳಿಗೆಯ ಮೇಲೆ ಅವಳಿಗೆ ಅದೇ ಕೆಲಸ.

ವಿಶಾಲಾ ಬರುವ ಹೊತ್ತಿಗೆ ಕೊಬ್ಬರಿ ಎಣ್ಣೆ ನೀರಾಗಿತ್ತು. ಶೀಷೆಗಳು ಕಲ್ಲಾಗಿದ್ದವು. ಬುಡಮೇಲು ಮಾಡಿದರೂ ಮಿಸುಕಲಿಲ್ಲ. ಹಳದಿ ಅಂಚಿನಿಂದ ಬಿಟ್ಟುಕೊಡುತ್ತ ಬಂದು ನಡುವೆ ಒಂದು ಬೊಟ್ಟಿನಷ್ಟು ಉಳಿದಿತ್ತು. “ಅವ್ವನ ಎಣ್ಣೆಗೆ ಏನಾತು ನೋಡೇ” ಎಂದು ನಾನೇ ಒಂದನ್ನು ಅವಳ ಕೈಗೆ ಕೊಟ್ಟೆ.

ಅವಳು ಸಂತೆಯ ಚೀಲವನ್ನು ಅಲ್ಲೇ ಬಿಟ್ಟಳು. ಕಿತ್ತಳೆ ಹಣ್ಣು ಉರುಳಿದವು. ನನ್ನ ಮೇಲೆ ಹಾರುತ್ತಾಳೆ ಅಂದುಕೊಂಡರೆ ಓಡಿದ್ದು ಅನ್ನಿಯ ಕಡೆಗೆ. ಅಂಗಿ ಎತ್ತಿ ಎದೆ ನೋಡಿದಳು, ಬೆನ್ನು ನೋಡಿದಳು, ಅಂಗೈ ತಿರುಗಿಸಿ ಬೆರಳು ಮೂಸಿದಳು. “ಹಚ್ಚಿದ್ರಾ? ಇವಳಿಗೆ ಹಚ್ಚಿದ್ರಾ? ಹೇಳ್ರೀ!”

“ಇಲ್ಲ ಕಣೇ. ಕರಗ್ಲಿ ಆಮೇಲೆ ಹಚ್ಚಾನ ಅಂತ ಇಟ್ಟಿದ್ದೆ.”

ಅವಳು ಕಂಬಳಿಯ ಮೇಲೆ ಕುಸಿದು ಕೂತಳು. ಅದು ಅವಳ ಪ್ರಯೋಗದ ರಸ ಅಂತ ನನಗೆ ಆಗ ಹೊಳೆಯಿತು. ಗಟ್ಟಿಯಾಗದ ಆ ರಸ ಚರ್ಮಕ್ಕೆ ಒಳ್ಳೆಯದಲ್ಲ, ಅದಕ್ಕೇ ಕೈಗವಸು. ಕಲ್ಲಾಗದೆ ಕರಗಿದ್ದರೆ ನಾನು ನನ್ನ ಕೈಯಾರೆ ಮಗಳ ಎದೆಗೆ ತಿಕ್ಕುತ್ತಿದ್ದೆ. ವಿಶಾಲಾ ಅಳುತ್ತಿದ್ದಳು, ಅನ್ನಿಯನ್ನು ಬಿಡುತ್ತಿರಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ ಶೀಷೆಯನ್ನು ಬೆಳಕಿಗೆ ಹಿಡಿದು ಮೂಗೊರೆಸಿಕೊಂಡು, “ಚೆನ್ನಾಗೇ ಕಟ್ಟೈತೆ” ಅಂದಳು. ಆಮೇಲೆ, “ಬಿಸಿಲಲ್ಲಿ ಇಷ್ಟು ಚೆನ್ನಾಗಿ ಕಟ್ಟೈತೆ ಅಂತ ಖುಷಿ ಪಡ್ಲೋ, ನಾಳೆಗೆ ಏನೂ ಇಲ್ಲ ಅಂತ ಅಳ್ಲೋ ಹೇಳ್ರಿ.” ಪ್ರಯೋಗಾಲಯಕ್ಕೆ ಭಾನುವಾರ ಬೀಗ. ಮೂರು ಪದಗಳ ನಮ್ಮ ಆಸೆ ಶೀಷೆಯೊಳಗೆ ಕಲ್ಲಾಗಿ ಕೂತಿತ್ತು. ನಾನು ಕಿತ್ತಳೆ ಹಣ್ಣು ಆರಿಸುತ್ತ ಮಂಚದ ಕೆಳಗೇ ಬಹಳ ಹೊತ್ತು ಇದ್ದೆ.

ಸೋಮವಾರ ಹೋದೆವು. ಹೋಗದೆ ಇರಲು ಆಗುವಂತಿರಲಿಲ್ಲ. ಮಕ್ಕಳೆಲ್ಲ ನೆಲದ ಮೇಲೆ ಕೂತಿದ್ದರು, ಅನ್ನಿ ಕೊನೆಯ ಸಾಲಿನಲ್ಲಿ. ನಾನು ಕೋಟು ನೇತುಹಾಕುವ ಗೂಟಗಳ ಪಕ್ಕ, ಉಪಯೋಗವಿಲ್ಲದ ದೀಪ ಹಿಡಿದು ನಿಂತೆ. ವಿಶಾಲಾ ಮುಚ್ಚಳ ಬಿಗಿದ ಶೀಷೆಗಳನ್ನು ಮೇಜಿನ ಮೇಲಿಟ್ಟು, ಇದು ರಸವಾಗಿತ್ತು, ಈಗ ಗಟ್ಟಿಯಾಗಿದೆ ಎಂದು ಬಾಯಿಪಾಠ ಮಾಡಿದ ಫ್ರೆಂಚಿನಲ್ಲಿ ಶುರು ಮಾಡಿದಳು. ಅವಳ ಪ್ರಯೋಗಾಲಯದಲ್ಲಿ ಎಲ್ಲವೂ ಇಂಗ್ಲಿಷು, ಆದ್ದರಿಂದ ಅವಳ ಫ್ರೆಂಚು ನನ್ನದಕ್ಕಿಂತ ಕಡೆ. ಮುಂದೆ ಕೂತ ಚೂಟಿ ಹುಡುಗಿಯೊಬ್ಬಳು ಕೈ ಎತ್ತಿ, ಆಗಲೇ ಯಾಕೆ ಗಟ್ಟಿಯಾಗಿದೆ, ನಮ್ಮೆದುರು ಮಾಡಬೇಕಿತ್ತಲ್ಲ ಎಂದು ಕೇಳಿದಳು. ವಿಶಾಲಾ ಬಾಯಿ ತೆರೆದಳು. ಪದ ಬರಲಿಲ್ಲ. ಇನ್ನೊಂದು ಸಲ ತೆರೆದಳು. ಕುತ್ತಿಗೆಯವರೆಗೆ ಕೆಂಪಾದಳು. ಎಷ್ಟೋ ಸಭೆಗಳಲ್ಲಿ ನಿಂತು ಮಾತಾಡಿದವಳು ಅಲ್ಲಿ ಮೂಕಳಾಗಿ ನಿಂತದ್ದು ನನ್ನಿಂದ ನೋಡಲಾಗಲಿಲ್ಲ. ನನಗೆ ಗೊತ್ತಿದ್ದ ಫ್ರೆಂಚಿನಲ್ಲಿ ಆ ಹೊತ್ತಿಗೆ ನೆನಪಿಗೆ ಬಂದದ್ದು ಸಕ್ಕರೆ ಹಾಕದ ಮಂಡಕ್ಕಿಯ ಚೀಟಿಯಷ್ಟೇ.

“ಸೆ ಪಪಾ.”

ಕೊನೆಯ ಸಾಲಿನಿಂದ ಬಂತು. ಸಣ್ಣ ಧ್ವನಿ, ನೆಗಡಿಯ ಮೂಗಿನದು. ಅದು ಅಪ್ಪ ಮಾಡಿದ್ದು ಎಂದರ್ಥ. ಮೆತ್ರೆಸ್ ಮೆಲ್ಲಗೆ ತಿರುಗಿದಳು. ಅನ್ನಿ ಎದ್ದು ನಿಂತಿದ್ದಳು. ಅವಳ ಕಣ್ಣು ಬೇರೆ ಯಾರ ಮೇಲೂ ಇರಲಿಲ್ಲ, ತನ್ನ ಅಮ್ಮನ ಕೆಂಪು ಕುತ್ತಿಗೆಯ ಮೇಲಿತ್ತು. “ಇಲ್ ಲೆಝ್ ಆ ಮೀ ಒ ಸೊಲೆಯ್.” ಅವನು ಅವನ್ನು ಬಿಸಿಲಿಗಿಟ್ಟ. ಒಂದು ಉಸಿರು ತೆಗೆದುಕೊಂಡು, “ಶೇ ನೂ, ಎಲ್ಲಾನೂ ಬಿಸಿಲಿಗಿಡ್ತಾರೆ” ಎಂದು ಫ್ರೆಂಚಿನಲ್ಲೇ ಹೇಳಿದಳು. ‘ಶೇ ನೂ’ ಅಂದರೆ ನಮ್ಮ ಮನೆ ಕಡೆ, ನಮ್ಮ ಕಡೆ. ಏನೇನು ಇಡುತ್ತಾರೆ ಎಂದು ಆ ಚೂಟಿ ಹುಡುಗಿ ಕೇಳಿದಳು. ಮೆಣಸಿನಕಾಯಿ, ಅಡಿಕೆ, ಹಾಸಿಗೆ, ಎಣ್ಣೆ ಎಂದು ಅನ್ನಿ ಬೆರಳು ಮಡಚುತ್ತ ಹೋದಳು. ಗೊತ್ತಿಲ್ಲದ ಪದ ಬಂದಾಗ ಸಂಡಿಗೆ ಎಂದು ಕನ್ನಡದಲ್ಲೇ ಅಂದು ಕೈಯಲ್ಲಿ ಆಕಾರ ತೋರಿಸಿದಳು. ಚಳಿಗಾಲದಲ್ಲಿ ಅಜ್ಜಿಯೂ ಬಿಸಿಲಿಗೇ ಕೂರುತ್ತಾಳೆ ಎಂದಾಗ ಮಕ್ಕಳೆಲ್ಲ ನಕ್ಕರು. ಅನ್ನಿಯೂ ನಕ್ಕಳು. ಶೀಷೆಗಳು ಕೈಯಿಂದ ಕೈಗೆ ಹೋದವು. ಎಲ್ಲರೂ ಕಿಟಕಿಗೆ ಹಿಡಿದು ಒಳಗಿನ ಹಳದಿ ಬೊಟ್ಟನ್ನು ನೋಡಿದರು.

ನಾನು ಕೋಟುಗಳ ಕಡೆಗೆ ಮುಖ ತಿರುಗಿಸಿ ನಿಂತೆ. ಯಾರದೋ ಮಗುವಿನ ಒದ್ದೆ ಉಣ್ಣೆಯ ಕೋಟು ಕೆನ್ನೆಗೆ ತಾಕುತ್ತಿತ್ತು. ಅಷ್ಟು ಸಂತೋಷ ನನಗೆ ಅವಳು ಹುಟ್ಟಿದ ದಿನ ಆಗಿತ್ತು, ಆಮೇಲೆ ಅವತ್ತು. ಮಗಳ ಮೊದಲ ಮಾತು ಅಪ್ಪನ ಮೇಲಿನ ಚಾಡಿ, ಆಗಲಿ. ಮನೆಗೆ ಹೋಗುವಾಗ ವಿಶಾಲಾ ನಡುರಸ್ತೆಯಲ್ಲೇ ನನ್ನ ತೋಳು ಹಿಡಿದುಕೊಂಡಳು. ಚನ್ನಗಿರಿಯಲ್ಲಿ ಅವಳು ಹಾಗೆ ಮಾಡಿದವಳಲ್ಲ.

ಏಪ್ರಿಲ್ಲಿನಲ್ಲಿ ನಾವು ಹೋಗಲಿಲ್ಲ. ಅನ್ನಿ ಒಮ್ಮೆ ಶುರು ಮಾಡಿದವಳು ನಿಲ್ಲಿಸಲಿಲ್ಲ. ಬೇಸಿಗೆಗೆ ನನ್ನ ಉಚ್ಚಾರ ತಿದ್ದತೊಡಗಿದಳು, ಮಳೆಗಾಲದ ಹೊತ್ತಿಗೆ ಮದಾಂ ಒದೀಲ್‌ಗೆ ನಮ್ಮ ಪರವಾಗಿ ಮಾತಾಡತೊಡಗಿದಳು. ನಮ್ಮೂರಿನ ಮಳೆಗಾಲ, ಇಲ್ಲಿ ಅಂಥ ಕಾಲವಿಲ್ಲ, ಆದರೂ ಲೆಕ್ಕ ನನಗೆ ಹಾಗೇ ಬರುತ್ತದೆ. ಶೂ ಬಿಚ್ಚುವಾಗ ಸುರಿಯುತ್ತಿದ್ದ ಕನ್ನಡ ಮಾತ್ರ ತೆಳ್ಳಗಾಯಿತು. ಕಾಯುತ್ತಿದ್ದದ್ದು ಬಂದದ್ದಕ್ಕೆ ಕೊರಗುವವನು ಹುಚ್ಚ. ಆದರೂ ಕೆಲವು ಸಂಜೆ ನಾನು ಬಾಗಿಲ ಬಳಿ ಸ್ವಲ್ಪ ಹೆಚ್ಚು ಹೊತ್ತು ನಿಂತು ಅವಳ ಶೂ ಬಿಚ್ಚಿಸುತ್ತಿದ್ದೆ. ವಿಶಾಲಾಳ ಕೆಲಸವನ್ನು ಇನ್ನೂ ಒಂದು ವರ್ಷ ಮುಂದುವರಿಸಿದ್ದಾರೆ. ನಾನು ಪಾಲಿಕೆಯವರ ಕಲಾಶಾಲೆಯಲ್ಲಿ ಶನಿವಾರ ಮಕ್ಕಳಿಗೆ ಬಟ್ಟೆ ಅಚ್ಚು ಹೇಳಿಕೊಡುತ್ತೇನೆ. ಭಾವನಿಗೆ ಫೋಟೋ ಕಳಿಸಿದ್ದೇನೆ.

ಈ ಏಪ್ರಿಲ್ ರಜೆಗೆ ಮೂವರೂ ಊರಿಗೆ ಬಂದಿದ್ದೆವು. ಬಸವಾಪಟ್ಟಣದ ಮನೆಯ ಮಾಳಿಗೆಯ ಮೇಲೆ ಅವ್ವ ಹಳೆ ಸೀರೆ ಹಾಸಿ ಸಂಡಿಗೆ ಇಡುತ್ತಿದ್ದಳು. ಬಿಸಿಲು ಅಂದರೆ ಬಿಸಿಲು, ಕಾಲಿಟ್ಟರೆ ಚುರ್ರನ್ನಬೇಕು. ಅನ್ನಿ ನೆರಳಿನಲ್ಲಿ ಕೋಲು ಹಿಡಿದು ಕೂತಿದ್ದಳು, ಈ ಸಲ ಕಾಗೆಗಳು ನಿಜವಾಗಿಯೂ ಇದ್ದವು.

“ನಿಮ್ ಊರಾಗೆ ಬಿಸಿಲೇ ಇಲ್ವಂತಲ್ಲೇ ಕೂಸೇ?” ಅಂದಳು ಅವ್ವ.

“ಐತೆ ಅಜ್ಜಿ. ನಮ್ ಕಡೆ ಬಿಸಿಲು ಬಂದ್ರೆ ಮನುಷ್ಯರನ್ನೇ ಒಣಗಾಕ್ತಾರೆ.”

ಅವ್ವ ಹಿಟ್ಟಿನ ಕೈಯಲ್ಲೇ ಕಣ್ಣೊರೆಸಿಕೊಳ್ಳುವಷ್ಟು ನಕ್ಕಳು. ನಾನೂ ನಕ್ಕೆ. ಆದರೆ ಆ ತರಗತಿಯಲ್ಲಿ ನಿಂತು ಅವಳು ನಮ್ಮ ಕಡೆ ಅಂದಾಗ ಅದು ಈ ಮಾಳಿಗೆಯಾಗಿತ್ತು, ಈ ಮುದುಕಿಯಾಗಿತ್ತು. ಪಕ್ಕ ಹೋಗಿ ಕೂತು ಕೇಳಿದೆ. “ನಮ್ ಕಡೆ ಅಂದ್ರೆ ಯಾವ್ದು ಮಗಾ?”

ಅವಳು ಸಂಡಿಗೆಯ ಮೇಲಿಂದ ಕಣ್ಣು ತೆಗೆಯಲಿಲ್ಲ. ಅದೇನು ಅಂಥಾ ಕೇಳುವ ಮಾತು ಎನ್ನುವ ಹಾಗೆ, “ನಾವು ಈಗ ಎಲ್ಲಿಲ್ವೋ ಅದು” ಅಂದಳು.

ಅಷ್ಟರಲ್ಲಿ ಕಾಗೆ ಬಂತು. ಅನ್ನಿ ಕೋಲೆತ್ತಿಕೊಂಡು ಓಡಿದಳು. ಓಡುತ್ತ ಅವಳು ಬೈದದ್ದು ಫ್ರೆಂಚಿನಲ್ಲಿ, ಬಸವಾಪಟ್ಟಣದ ಕಾಗೆ ಹೆದರಿ ಹಾರಿಯೇ ಹೋಯಿತು.